ಹಳದಿ ದಡಿಯ ಜಿರಳೆ

ಹಳದಿ ಅಂಚಿನ ಅಗಲ ಮುಕ್ಕಾಲು ಮಿಲಿಮೀಟರು. ಮುಂಭಾಗದಲ್ಲಿ ತುಸು ಹೆಚ್ಚು, ಪಕ್ಕಗಳಿಗೆ ಬಂದಂತೆ ತುಸು ಕಡಿಮೆ, ಹಿಂದೆ ಇಲ್ಲವೇ ಇಲ್ಲ. ಹನ್ನೊಂದು ಹುಳುಗಳಲ್ಲೂ ಹೀಗೆಯೇ. ಬಣ್ಣ: ಮಂಕು ಹಳದಿ, ಪುಡಿ ಸವರಿದಂತೆ.

ಇಷ್ಟನ್ನು ನೋಟುಬುಕ್ಕಿನಲ್ಲಿ ಮೊದಲು ಪೆನ್ಸಿಲಿನಲ್ಲಿ ಬರೆದುಕೊಂಡೆ. ಮೂರು ದಿನ ಬಿಟ್ಟು ಮತ್ತೆ ಅಳೆದೆ. ಅಳತೆ ಅಷ್ಟೇ ಬಂದ ಮೇಲೆ ಅಕ್ಷರಗಳ ಮೇಲೆ ಶಾಯಿ ಎಳೆದೆ. ಶಾಯಿಯಲ್ಲಿ ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗೆ ಇರಲಿಲ್ಲ.

ಜಿರಳೆಗಳನ್ನು ಅಳೆಯುವುದು ನನ್ನ ಕೆಲಸ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ ಅಲ್ಲಿಯೇ ಸಂಶೋಧನೆಗೆ ಸೇರಿದ್ದೆ. ನನ್ನ ಜೊತೆಗೆ ಸೇರಿದವರಲ್ಲಿ ಒಬ್ಬಳಿಗೆ ಚಿಟ್ಟೆ ಸಿಕ್ಕಿತು, ಇನ್ನೊಬ್ಬನಿಗೆ ಕೃಷ್ಣಾ ನದಿಯ ಮೀನು. ನಮ್ಮ ಮಾರ್ಗದರ್ಶಕರಾದ ಸರ್ ನನ್ನ ಕಡೆ ನೋಡಿ, "ನೀವು ಅಂಜೂದಿಲ್ಲಲ್ಲಾ? ಹಂಗಾರ ಜಿರಳೆ ತಗೊಳ್ರಿ" ಎಂದರು. ನಾನು ತಗೊಂಡೆ. ಹೇಳಿಕೊಳ್ಳಲು ಚೆನ್ನಾಗಿರುವುದು ಮತ್ತು ಮಾಡಲು ಚೆನ್ನಾಗಿರುವುದು ಬೇರೆ ಬೇರೆ ಎಂದು ನನಗೆ ಮೊದಲಿನಿಂದಲೂ ಅನ್ನಿಸಿತ್ತು.

ಜಮಖಂಡಿಯ ನಮ್ಮ ಓಣಿಯಲ್ಲಿ ಅವ್ವ ಈ ವಿಷಯವನ್ನು ಒಂದು ವರ್ಷ ಮುಚ್ಚಿಟ್ಟಳು. "ಏನೋ ಔಷಧದ ಸಂಬಂಧ" ಎನ್ನುತ್ತಿದ್ದಳು. ಕೊನೆಗೆ ಹೊರಬಿದ್ದಾಗ ಎದುರು ಮನೆಯ ಕಾಕು ಸಂತೋಷದಿಂದಲೇ ಬಂದರು.

"ನಮ್ಮ ಅಡಗಿ ಮನ್ಯಾಗ ಭಾಳ ಆಗ್ಯಾವ ನೋಡು. ಏನ ಹೊಡೀಬೇಕು ಹೇಳ."

"ನನಗ ಅದು ಗೊತ್ತಿಲ್ರಿ ಕಾಕು."

"ಮತ್ತ ಅಷ್ಟ ವರ್ಷ ಧಾರವಾಡದಾಗ ಏನ ಕಲತಿ?"

"ಅವನ್ನ ಗುರ್ತಾ ಹಿಡಿಯೂದು."

"ಜಿರ್ಲಿ ಗುರ್ತಾ ಹಿಡ್ಯಾಕ ಸಾಲಿಗೆ ಹೋಗಬೇಕಾ? ನನ್ನ ಚಪ್ಪಲಿ ಕತ್ತಲದಾಗೂ ಗುರ್ತಾ ಹಿಡೀತೈತಿ."

ಮೀಸೆ ಮುರಿಯದಂತೆ ಒಂದು ಜಿರಳೆಯನ್ನು ಕೊಲ್ಲುವುದು ನನಗೆ ಗೊತ್ತಿತ್ತು. ಆದರೆ ಕಾಕುಗೆ ಬೇಕಾದ ವಿದ್ಯೆ ಅದಾಗಿರಲಿಲ್ಲ. ಅಡಿಗೆ ಮನೆಯ ಜಿರಳೆಗಳು ಜಗತ್ತಿನ ಎಲ್ಲ ಅಡಿಗೆ ಮನೆಗಳಲ್ಲಿಯೂ ಇರುವಂಥವು. ಅವುಗಳ ಬಗ್ಗೆ ಬರೆಯುವಷ್ಟನ್ನು ಬೇರೆಯವರು ಬರೆದಾಗಿದೆ. ನನಗೆ ಬೇಕಾದವು ಮನೆಯ ಕಡೆ ಬರದೆ ಮಣ್ಣಿನಲ್ಲಿ, ಕಲ್ಲಿನ ಕೆಳಗೆ, ಒಣಗಿದ ಗೊಬ್ಬರದಲ್ಲಿ ಇರುವಂಥವು. ಅವುಗಳಲ್ಲಿ ಒಂದು ಬಗೆಗೆ ಮೈ ಗುಂಡಗೆ, ಎಂಟಾಣೆಯಷ್ಟು ಅಗಲ. ಗಂಡಿಗೆ ರೆಕ್ಕೆ ಇರುತ್ತದೆ, ಹೆಣ್ಣಿಗೆ ಇಲ್ಲ. ಅಕ್ಕಪಕ್ಕದಲ್ಲಿಟ್ಟರೆ ಒಂದೇ ಸಂಸಾರದವೆಂದು ಯಾರೂ ಹೇಳರು. ಹೀಗಾಗಿ ಪುಸ್ತಕಗಳಲ್ಲಿ ಎಷ್ಟೋ ಜಾತಿಗಳ ಗಂಡು ಮಾತ್ರ ಇದೆ. ಹೆಣ್ಣಿನ ಜಾಗದಲ್ಲಿ "ತಿಳಿದಿಲ್ಲ" ಎಂದಿದೆ.

ಇವನ್ನು ಹುಡುಕುವ ಸಾಧನ ಹಿಟ್ಟು ಸೋಸುವ ಸಾಣಿಗೆ. ಮಣ್ಣು ಹಾಕಿ ಅಲ್ಲಾಡಿಸಿದರೆ ಧೂಳು ಇಳಿದು ಹುಳು ಮೇಲೆ ಉಳಿಯುತ್ತದೆ. ನಾನು ಅವ್ವನ ಸಾಣಿಗೆಯನ್ನು ಒಯ್ದಿದ್ದೆ. ಮರಳಿ ತಂದಾಗ ಅವ್ವ ಅದನ್ನು ಮೂಸಿ ನೋಡಿ ಅಂಗಳದಲ್ಲಿಯೇ ಇಟ್ಟಳು.

"ತೊಳದೇನಿ ಅವ್ವ, ಎರಡು ಸಲ."

"ನೀ ಹತ್ತ ಸಲ ತೊಳಿ. ಇನ್ನ ಇದು ನಿನ್ನ ಸಾಣಿಗಿ. ಹೊಸ್ತಲಾ ದಾಟಿಸಬ್ಯಾಡ."

ಹೀಗೆ ನನಗೆ ಸ್ವಂತದ್ದೊಂದು ಸಾಣಿಗೆ ಆಯಿತು.

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅದನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಬೀಳಗಿ ಕಡೆಯ ಒಂದು ಕುರಿ ಹಟ್ಟಿಯಲ್ಲಿ ಎರಡು ಹುಳು ಸಿಕ್ಕವು: ಗುಂಡಗೆ, ರೆಕ್ಕೆಯಿಲ್ಲ, ಪೂರ್ತಿ ಕಂದು. "ಬಹುಶಃ ಮರಿ" ಎಂದು ಚೀಟಿ ಬರೆದು ಬೇರೆ ಡಬ್ಬಿಗೆ ಹಾಕಿದೆ. ಮುಂದಿನ ತಿಂಗಳು ಲೋಕಾಪುರದಲ್ಲಿ ಇಳಿದು, ಹೊಲಗಳ ನಡುವೆ ಎರಡು ಮೈಲು ನಡೆದು ಇನ್ನೊಂದು ಹಟ್ಟಿಗೆ ಹೋದೆ. ಕುರಿಗಳು ಮೇಯಲು ಹೋಗಿದ್ದವು. ಮುಳ್ಳಬೇಲಿಯ ಬಾಯಿಗೆ ಒಬ್ಬ ಮುದುಕಿ ಕಾಲು ಚಾಚಿ ಕುಳಿತು ಕಂಬಳಿಯ ಉಣ್ಣೆ ನೂಲುತ್ತಿದ್ದಳು. ನಾನು ಒಳಗೆ ಬಗ್ಗಿ ನೋಡುತ್ತಿದ್ದುದನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

"ಏನ ಕಳದೈತಿ ತಂಗಿ?"

"ಏನೂ ಕಳದಿಲ್ಲಬೇ. ಹುಳಾ ಹುಡಕಾಕತ್ತೇನಿ."

"ನಿಂದ ಹುಳಾನ?"

"ಅಲ್ಲ. ಇಲ್ಲಿ ಮಣ್ಣಾಗ ಇರತಾವಲ್ಲ, ಗುಂಡನ್ನ ಜಿರ್ಲಿ."

"ಸರಕಾರದಿಂದ ಬಂದೀ?"

"ಇಲ್ಲ. ಕಾಲೇಜಿನಿಂದ. ಕಲಿಯಾಕತ್ತೇನಿ."

"ಇಷ್ಟ ದೊಡ್ಡಾಕಿ ಆಗಿ ಇನ್ನೂ ಸಾಲಿಗೆ ಹೋಗತಿ?" ಎಂದು ಕನಿಕರದಿಂದ ಕೇಳಿದಳು. ಉಣ್ಣೆ ಕೆಳಗಿಟ್ಟು ಎದ್ದಳು. ಹಟ್ಟಿಯ ಮೂಲೆಯಲ್ಲಿ ಬೇವಿನ ಗಿಡದ ಬುಡಕ್ಕೆ ಬೀರಪ್ಪನ ಕಲ್ಲು ಇತ್ತು. ಸುತ್ತಲಿನ ನೆಲವೆಲ್ಲ ಭಂಡಾರದಿಂದ ಹಳದಿಯಾಗಿತ್ತು. ಭಂಡಾರವೆಂದರೆ ದೇವರಿಗೆ ಏರಿಸುವ ಅರಿಷಿಣದ ಪುಡಿ. ನಮ್ಮ ಕಡೆ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಮಾವಾಸ್ಯೆಗೊಮ್ಮೆ ಕಲ್ಲಿಗೆ ಏರಿಸುವುದು, ಕುರಿಗಳನ್ನು ದೂರದ ಸೀಮೆಗೆ ಹೊಡೆಯುವ ದಿನ ಹಿಂಡಿನ ಮೇಲೆಲ್ಲ ತೂರುವುದು ಆ ಮನೆತನದ ರೂಢಿ. ಮುದುಕಿ ಒಂದು ಚಿಟಿಕೆ ತಂದು ನನ್ನ ಹಣೆಗೆ ಒತ್ತಿದಳು. ಉಳಿದದ್ದನ್ನು ನನ್ನ ಅಂಗೈಗೆ ಒರೆಸಿದಳು.

"ದೇವರ ಹಟ್ಟಿ ಇದು. ಭಂಡಾರ ಹಚ್ಚಿಕೊಳ್ಳದೆ ಮಣ್ಣ ಕೆದರಂಗಿಲ್ಲ. ಈಗ ಕೆದರು."

ಬೇವಿನ ಬುಡದ ಹತ್ತಿರ ಮಣ್ಣು ಎಲ್ಲಕ್ಕಿಂತ ನುಣ್ಣಗಿತ್ತು. ಅಲ್ಲಿಯೇ ಸಾಣಿಗೆ ಹಿಡಿದೆ. ಮೊದಲ ಸಲಕ್ಕೇ ನಾಲ್ಕು ಹುಳು ಬಂದವು. ಒಂದನ್ನು ಬೆರಳ ಮೇಲೆ ಹತ್ತಿಸಿಕೊಂಡು ಬಿಸಿಲಿಗೆ ಹಿಡಿದೆ. ತಲೆಯನ್ನು ಮುಚ್ಚುವ ಗುರಾಣಿಯಂಥ ಭಾಗಕ್ಕೆ ಸುತ್ತಲೂ ಸಣ್ಣ ರೋಮಗಳಿರುತ್ತವೆ; ಆ ರೋಮಗಳ ಬುಡದಲ್ಲಿ ತೆಳ್ಳಗೆ ಹಳದಿ ಅಂಚು. ನಾನು ಓದಿದ ಯಾವ ವರ್ಣನೆಯಲ್ಲಿಯೂ ಅಂಥ ಅಂಚು ಇರಲಿಲ್ಲ.

ಆಗ ನನಗೆ ಹೇಗೆ ಅನ್ನಿಸಿತೆಂದು ಬರೆದುಕೊಂಡಿಲ್ಲ. ಹದಿಮೂರು ಹುಳು ಹಿಡಿದೆ ಎಂದಷ್ಟೇ ಬರೆದಿದೆ.

ಮುದುಕಿ ನನ್ನ ಡಬ್ಬಿಯಲ್ಲಿ ಇಣುಕಿದಳು. "ಇವು ಹೆಂಗಸರು. ಇವುಗಳ ಗಂಡಂದಿರು ಮಳಿಗಾಲಕ್ಕ ಬರತಾರ, ರೆಕ್ಕಿ ಕಟಗೊಂಡು, ದೀಪದ ಕಡೆ. ಇವು ಇಲ್ಲೇ ಮನಿ ಕಾಯತಾವ. ನಮ್ಮಂಗ."

ದೀಪಕ್ಕೆ ಬರುವ ಆ ರೆಕ್ಕೆಯ ಹುಳು ನನಗೆ ಗೊತ್ತಿತ್ತು. ಬಹಳ ಹಿಂದೆಯೇ ಹೆಸರಿಟ್ಟ ಜಾತಿ, ಪೂರ್ತಿ ಕಂದು, ಹಳದಿಯ ಸುಳಿವೂ ಇಲ್ಲ. ಹಿಂದಿನ ಮಳೆಗಾಲದಲ್ಲಿ ಹಿಡಿದ ಆರು ನನ್ನ ಪೆಟ್ಟಿಗೆಯಲ್ಲಿದ್ದವು. ಹಳದಿ ಅಂಚಿನ ಹೆಣ್ಣಿಗೆ ಹಳದಿ ಅಂಚಿನ ಗಂಡೇ ಇರಬೇಕು, ಅದು ಇನ್ನೂ ಸಿಕ್ಕಿಲ್ಲ ಎಂದು ನಾನು ತರ್ಕ ಮಾಡಿದೆ. ಮುದುಕಿಯ ಮಾತನ್ನು ನೋಟುಬುಕ್ಕಿನ ಕೊನೆಯಲ್ಲಿ "ಸ್ಥಳೀಯ ನಂಬಿಕೆ" ಎಂಬ ತಲೆಬರಹದ ಕೆಳಗೆ ಬರೆದಿಟ್ಟೆ.

ಹದಿಮೂರರಲ್ಲಿ ಎರಡನ್ನು ಸ್ಪಿರಿಟ್ಟಿನಲ್ಲಿ ಹಾಕಿದೆ. ಎರಡು ದಿನಕ್ಕೆ ಅವುಗಳ ಅಂಚು ಮಾಯವಾಗಿ ಸ್ಪಿರಿಟ್ಟು ತಿಳಿ ಹಳದಿಯಾಯಿತು. ಅದನ್ನೂ ಬರೆದುಕೊಂಡೆ: "ಈ ಜಾತಿಯ ಬಣ್ಣ ಸ್ಪಿರಿಟ್ಟಿನಲ್ಲಿ ನಿಲ್ಲುವುದಿಲ್ಲ. ಒಣಗಿಸಿಯೇ ಇಡತಕ್ಕದ್ದು." ಉಳಿದ ಹನ್ನೊಂದನ್ನು ಒಣಗಿಸಿ ಸೂಜಿಗೆ ಚುಚ್ಚಿದೆ. ಈಗ ಓದಿದರೆ ಆ ವಾಕ್ಯದ ಪಕ್ಕದಲ್ಲಿ ಕೂತು ಯಾರೋ ನಗುತ್ತಿದ್ದಂತೆ ಅನ್ನಿಸುತ್ತದೆ.

ಒಂದು ಜಾತಿ ಹೊಸದು ಎಂದು ಹೇಳಲು ಹುಳು ಸಿಕ್ಕರೆ ಸಾಲದು. ತಲೆಯಿಂದ ಬಾಲದವರೆಗೆ ಅಳೆಯಬೇಕು, ಕಾಲಿನ ಮುಳ್ಳು ಎಣಿಸಬೇಕು, ಚಿತ್ರ ಬರೆಯಬೇಕು. ಹಳೆಯ ಎಲ್ಲ ವರ್ಣನೆಗಳನ್ನು ಪಕ್ಕದಲ್ಲಿಟ್ಟುಕೊಂಡು "ಇದು ಅದಲ್ಲ, ಯಾಕೆಂದರೆ" ಎಂದು ಒಂದೊಂದಕ್ಕೂ ಉತ್ತರ ಕೊಡಬೇಕು. ನನ್ನ ಉತ್ತರಗಳೆಲ್ಲ ಆ ಮುಕ್ಕಾಲು ಮಿಲಿಮೀಟರಿನ ಮೇಲೆ ನಿಂತಿದ್ದವು. ಸರ್ ಎರಡು ಹುಳುಗಳನ್ನು ನೋಡಿ ಹೇಳಿದರು:

"ಛಲೋ ಐತಿ. ಆದ್ರ ಬಣ್ಣದ ಮ್ಯಾಲೆ ಭಾಳ ಭಾರ ಹಾಕಬ್ಯಾಡ್ರಿ."

"ಹನ್ನೊಂದರಾಗೂ ಐತ್ರಿ ಸರ್."

"ಹನ್ನೊಂದೂ ಒಂದ ಜಾಗಾದವು." ಸ್ವಲ್ಪ ಹೊತ್ತು ಭೂತಗನ್ನಡಿಯಲ್ಲಿ ನೋಡಿ, "ನಿಮಗ ಖಾತ್ರಿ ಇದ್ದರ ಬರೀರಿ. ಇದೊಂದು ನಿಂತರ ಮುಂದಿನ ಎರಡ ವರ್ಷದ ಫೆಲೋಶಿಪ್ಪಿಗೆ ನಾ ಬರದ ಕೊಡತೇನಿ. ಇಲ್ಲಂದ್ರ ತೋರಸಾಕ ನಮ್ಮ ಕಡೆ ಬ್ಯಾರೆ ಏನೂ ಇಲ್ಲ."

ಅವರು ಹೇಳಿದ್ದು ನಿಜ. ಎರಡು ವರ್ಷದಲ್ಲಿ ನಾನು ಮಾಡಿದ್ದೆಲ್ಲ ಗೊತ್ತಿದ್ದ ಜಾತಿಗಳ ಪಟ್ಟಿ. ಅದೇ ಹೊತ್ತಿಗೆ ಮುಧೋಳದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಿಂದ ವಿಜ್ಞಾನ ಕಲಿಸಲು ಬರುತ್ತೀರಾ ಎಂದು ಪತ್ರ ಬಂದಿತ್ತು. ತಿಂಗಳ ಕೊನೆಗೆ ಉತ್ತರ ಬೇಕು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಆ ಪತ್ರವನ್ನು ರೇಡಿಯೋದ ಕೆಳಗೆ, ಒಂದು ಮೂಲೆ ಮಾತ್ರ ಕಾಣುವಂತೆ ಇಟ್ಟಿದ್ದರು. ಒಂದು ಸಲವೂ ಕೇಳಲಿಲ್ಲ. ವಾರ್ತೆ ಕೇಳಲು ಕುಳಿತಾಗಲೆಲ್ಲ ನನಗೆ ಆ ಮೂಲೆ ಕಾಣುತ್ತಿತ್ತು. ಕಲಿಸುವುದರಲ್ಲಿ ನನಗೆ ತಕರಾರಿರಲಿಲ್ಲ. ಆದರೆ ನನಗೆ ಬೇಕಾಗಿದ್ದುದು ಆ ಎರಡು ವರ್ಷ.

ಹನ್ನೆರಡು ಪುಟ ಟೈಪು ಮಾಡಿದೆ. "ಹಳದಿ ಅಂಚಿನದು" ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟೆ. ನಾಲ್ಕು ಚಿತ್ರಗಳ ನಡುವೆ ತೆಳು ಕಾಗದವಿಟ್ಟು, ಒಂದು ಮಂಗಳವಾರ ಮಧ್ಯಾಹ್ನ ಜಮಖಂಡಿಯ ಅಂಚೆ ಕಚೇರಿಗೆ ಹೋಗಿ ಪತ್ರಿಕೆಯ ಸಂಪಾದಕರಿಗೆ ರಿಜಿಸ್ಟರ್ ಮಾಡಿದೆ. ರಸೀದಿಯನ್ನು ನೋಟುಬುಕ್ಕಿನಲ್ಲಿ ಮಡಿಸಿಟ್ಟುಕೊಂಡು ಮನೆಗೆ ಬಂದೆ.

ಇಲ್ಲಿ ಆಯಿಯ ಬಗ್ಗೆ ಹೇಳಬೇಕು. ಆಯಿ ಅಂದರೆ ಅಪ್ಪನ ತಾಯಿ. ರಬಕವಿಯ ನೇಕಾರರ ಮನೆಯವಳು. ನಮ್ಮ ಮನೆತನದಲ್ಲಿ ಕಚೇರಿಗೆ ಹೋದ ಮೊದಲಿಗರು ಅಪ್ಪ. ಅದಕ್ಕೂ ಹಿಂದಿನವರೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು. ಆಯಿ ನಲವತ್ತು ವರ್ಷ ಲಾಳಿಯ ಕಂಡಿಕೆಗೆ ನೂಲು ಸುತ್ತಿದವಳು. ಬಣ್ಣದವರು ನೂಲು ತಂದುಕೊಟ್ಟರೆ ಅವಳು ಮೊದಲು ಮಾಡುತ್ತಿದ್ದುದು ಒಂದೇ ಕೆಲಸ: ಹೆಬ್ಬೆರಳಿಗೆ ಉಗುಳು ಹಚ್ಚಿ ಎಳೆಯನ್ನು ಗಸಗಸ ತಿಕ್ಕುವುದು. ಬೆರಳಿಗೆ ಬಣ್ಣ ಹತ್ತಿದರೆ ಕಚ್ಚಾ, ಹತ್ತದಿದ್ದರೆ ಪಕ್ಕಾ. ಮಗ್ಗ ಬಿಟ್ಟು ಮಗನ ಮನೆಗೆ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ಮದುವೆ ಮನೆಯಲ್ಲಿ ಬೀಗರ ಪಕ್ಕದಲ್ಲಿ ಕುಳಿತು, ಮಾತಾಡುತ್ತ ಮಾತಾಡುತ್ತ ಅವರ ಸೆರಗು ತಿಕ್ಕಿ, "ಇದನ್ನ ಎಲ್ಲಿ ತಗೊಂಡ್ರಿ? ಮೋಸ ಆಗೇತ್ರಿ ನಿಮಗ" ಎಂದು ಹೇಳಿ ಅವ್ವನಿಗೆ ಸಾಕುಬೇಕು ಮಾಡುತ್ತಿದ್ದಳು.

ನಾನು ಹುಳುಗಳ ಪೆಟ್ಟಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುತ್ತಿದ್ದೆ. ಮುಗಿಯದ ಕೆಲಸವನ್ನು ಯಾರಿಗೂ ತೋರಿಸಬಾರದು ಎಂಬುದು ನನ್ನ ನಿಯಮ. ಆ ಸಂಜೆ ಕೆಲಸ ಮುಗಿದಿತ್ತು. ಬಿಸಿಲು ಇನ್ನೂ ಅಂಗಳದ ಗೋಡೆಯ ಮೇಲಿತ್ತು. ಆಯಿ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ನಾನಾಗಿಯೇ ಪೆಟ್ಟಿಗೆ ತಂದು ಅವಳ ಮುಂದೆ ತೆರೆದೆ.

"ಕಡಿಯೂದಿಲ್ಲಲಾ?"

"ಸತ್ತಾವ ಆಯಿ."

"ಸತ್ತಾವಂದ್ರ ಮತ್ಯಾಕ ಸೂಜಿ ಚುಚ್ಚೀದಿ? ಓಡಿ ಹೋಗತಾವ ಅಂತನಾ?" ಎಲೆ ಮಡಚಿ ದವಡೆಗೆ ಇಟ್ಟುಕೊಂಡು ಬಗ್ಗಿ ನೋಡಿದಳು. ಅವಳ ಕಣ್ಣು ದೂರಕ್ಕೆ ಮಂದ, ಹತ್ತಿರಕ್ಕೆ ಚುರುಕು. "ಅಗದಿ ಸಣ್ಣ ದಡಿ ಐತಲೇ ಇದಕ್ಕ. ಹಳದಿ ದಡಿ, ಕಾಫಿ ಒಡಲು. ನಮ್ಮ ಕಡೆ ಇಂಥಾ ಸೀರಿ ನೇಯತಿದ್ರು, ಬಾಣಂತ್ಯಾರಿಗೆ."

"ಅದ ಅಂಚಿನಿಂದ ಇದು ಹೊಸಾ ಜಾತಿ ಅಂತ ಗೊತ್ತಾತು ಆಯಿ. ಇಲ್ಲೀ ತನಕ ಜಗತ್ತಿನಾಗ ಯಾರೂ ನೋಡಿದ್ದಿಲ್ಲ."

"ಹೌದಾ?" ಎಂದಳು. ಎಂದು ಹೆಬ್ಬೆರಳು ನೆಕ್ಕಿ, ನಾನು ಕೈ ಅಡ್ಡ ಹಿಡಿಯುವುದರೊಳಗೆ, ಮೊದಲ ಹುಳುವಿನ ಅಂಚನ್ನು ಎರಡು ಸಲ ತಿಕ್ಕಿದಳು.

ನಾನು "ಆಯಿ" ಎಂದಷ್ಟೇ ಅಂದೆ. ಅವಳು ಹೆಬ್ಬೆರಳನ್ನು ಬೆಳಕಿಗೆ ಹಿಡಿದಳು. ಬೆರಳಿನ ಮೇಲೆ ಅಂಟಿದ್ದು ಹಳದಿ ಅಲ್ಲ. ಕೆಂಪು.

"ಕಚ್ಚಾ ಐತಿ" ಎಂದಳು.

ಆಯಿಯ ಹೆಬ್ಬೆರಳಿಗೆ ಎಲೆಯ ಸುಣ್ಣ ಇತ್ತು. ಸುಣ್ಣ ತಾಗಿ ಕೆಂಪಾಗುವ ಹಳದಿ ಯಾವುದು ಎಂಬುದು ನನಗೆ ಎಂ.ಎಸ್ಸಿ. ಓದುವ ಬಹಳ ಮೊದಲೇ ಗೊತ್ತಿತ್ತು. ಮನೆಯಲ್ಲಿ ಆರತಿ ಇದ್ದಾಗಲೆಲ್ಲ ತಾಟಿನ ನೀರಿಗೆ ಅರಿಷಿಣ, ಸುಣ್ಣ ಹಾಕಿ ಓಕುಳಿ ಕಲಸುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ.

ಒಂದು ಹುಳುವಿನಿಂದ ತೀರ್ಮಾನ ಮಾಡಬಾರದು. ಒಳಗೆ ಹೋಗಿ ಹತ್ತಿ, ನೀರು, ಆಯಿಯ ಸುಣ್ಣದ ಡಬ್ಬಿ ತಂದೆ. ಎರಡನೆಯ ಹುಳುವಿನ ಅಂಚನ್ನು ಒದ್ದೆ ಹತ್ತಿಯಿಂದ ಒರೆಸಿದೆ, ಹತ್ತಿ ಹಳದಿಯಾಯಿತು. ಹತ್ತಿಗೆ ಸುಣ್ಣ ಮುಟ್ಟಿಸಿದೆ, ಕೆಂಪಾಯಿತು. ಮೂರನೆಯದು, ನಾಲ್ಕನೆಯದು. ಪ್ರತಿಯೊಂದಕ್ಕೂ ಹೊಸ ಹತ್ತಿ ತೆಗೆದುಕೊಂಡೆ. ಹತ್ತರವರೆಗೆ ಹೋದೆ. ಹತ್ತೂ ಕೆಂಪು. ಹನ್ನೊಂದನೆಯದನ್ನು ಮುಟ್ಟಲಿಲ್ಲ, ಒಂದು ಸಾಕ್ಷಿಯಾಗಿ ಉಳಿಯಲಿ ಎಂದು ಬಿಟ್ಟೆ. ಅದು ಈಗಲೂ ವಿಭಾಗದ ನನ್ನ ಬೀರುವಿನಲ್ಲಿ, ಮೂರನೆಯ ಸೆಳೆಖಾನೆಯಲ್ಲಿ, ಬೀರಪ್ಪನ ಭಂಡಾರ ಹಚ್ಚಿಕೊಂಡೇ ಇದೆ.

ಅವ್ವ ಬಾಗಿಲಲ್ಲಿ ನಿಂತು ಕೇಳಿದಳು. "ಏನ ಮಾಡಾಕತ್ತೀರಿ ಇಬ್ರೂ?"

"ಭಂಡಾರ, ಅವ್ವ. ಈ ಅಂಚು ಭಂಡಾರ."

"ಜಿರ್ಲಿಗೂ ಹಚ್ಚತಾರಾ?"

"ಹಚ್ಚೂದಿಲ್ಲ. ಅದ ಮಣ್ಣಾಗ ತಿರಗ್ಯಾಡತಾವ. ರೋಮಕ್ಕ ಹತಗೊಂಡೈತಿ."

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಕುರುಬರಕಿಂತ ಮೊದಲ ಅವು ದೇವರ ಒಕ್ಕಲಾಗ್ಯಾವ ಹಂಗಾರ." ಆಯಿಗೆ ಕೆಮ್ಮು ಬರುವಷ್ಟು ನಗೆ ಬಂತು. ನನಗೂ ನಗು ಬಂತು. ಯಾಕೆ ಬಂತೆಂದು ನನಗೆ ತಿಳಿಯಲಿಲ್ಲ. ನನ್ನ ವರ್ಣನೆಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. "ಪುಡಿ ಸವರಿದಂತೆ" ಎಂದು ನಾನೇ ಬರೆದಿದ್ದೆ. ಪುಡಿ ಸವರಿತ್ತು.

ಅಪ್ಪ ಕಚೇರಿಯಿಂದ ಬಂದಾಗ ಹತ್ತಿಯ ಒಂಬತ್ತು ಕೆಂಪು ಉಂಡೆಗಳು ಕಟ್ಟೆಯ ಮೇಲೆ ಸಾಲಾಗಿ ಒಣಗುತ್ತಿದ್ದವು. ಕಥೆಯನ್ನು ಅವ್ವ ಹೇಳಿದಳು. ಅಪ್ಪ ನಗಲಿಲ್ಲ. ಅವರು ಯಾವುದನ್ನೂ ಪೂರ್ತಿ ಕಡತ ನೋಡದೆ ನಗುವವರಲ್ಲ.

"ಕವರು?" ಎಂದು ಕೇಳಿದರು.

"ಮಧ್ಯಾಹ್ನ ಹಾಕಿದ್ನಿ."

"ಹಂಗ ಬಿಟ್ಟರ ಏನಾಕ್ಕೈತಿ?"

"ಅಚ್ಚ ಆದರೂ ಆಗಬಹುದು."

"ಆದರ ನಿನ್ನ ಎರಡ ವರ್ಷ ಸಿಗತಾವು."

"ಹೂಂ."

ಅಪ್ಪ ಚಪ್ಪಲಿ ಬಿಚ್ಚಿ ಕಟ್ಟೆಯ ಮೇಲೆ ಕುಳಿತರು. ನನ್ನನ್ನು ಯಾವ ಕಡೆಗೂ ದೂಡುವ ಮಾತಾಗಿರಲಿಲ್ಲ ಅದು. ಎರಡೂ ಬದಿಯ ಕಾಗದವನ್ನು ಮೇಜಿನ ಮೇಲಿಟ್ಟಂತೆ ಇತ್ತು. ಅವರು ಹೇಳಿದ್ದು ನಿಜವೇ. ಆ ಹಟ್ಟಿಗೆ ಮತ್ತೊಬ್ಬರು ಸಾಣಿಗೆ ಹಿಡಿದುಕೊಂಡು ಹೋಗುವುದಕ್ಕೆ ಎಷ್ಟು ವರ್ಷ ಬೇಕೋ. ನಾನು ಅಷ್ಟರವರೆಗೆ ಸುಮ್ಮನೆ ಇರಬಹುದಿತ್ತು. ಸುಮ್ಮನೆ ಇರುವುದು ನನಗೆ ಕಷ್ಟದ ಕೆಲಸವೂ ಅಲ್ಲ. ಆದರೆ ಆ ಹೆಸರನ್ನು ಅಚ್ಚಿನಲ್ಲಿ ನೋಡಿದಾಗಲೆಲ್ಲ ಕೆಂಪು ಹೆಬ್ಬೆರಳು ಕಾಣುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು.

ಆಯಿ ಅಡಿಕೆ ಕತ್ತರಿಸುತ್ತ ಹೇಳಿದಳು. "ಕಚ್ಚಾ ದಡಿ ಸೀರಿ ಮಾರಿದಾಂವ ಮೊದಲನೇ ಮಳಿ ಮಟಾ ಆರಾಮ ಇರತಾನ. ಮಳಿ ಆತಂದ್ರ ಗಿರಾಕಿ ಬಂದ ಬಾಗಲಾ ಬಡೀತಾರ." ಒಂದು ಚೂರು ಬಾಯಿಗೆ ಹಾಕಿಕೊಂಡು, "ಬಣ್ಣಾ ಹೋದರ ನೂಲ ಎಲ್ಲಿ ಹೋಗತೈತಲೇ? ತೊಳದ ನೋಡು. ಕೆಳಗ ಏನೈತಿ ಅಂತ ನೋಡಿದಿ ಏನ?"

ನೋಡಿರಲಿಲ್ಲ. ಅಂಚು ಸಿಕ್ಕ ದಿನದಿಂದ ನಾನು ಅಂಚನ್ನಲ್ಲದೆ ಬೇರೆ ಏನನ್ನೂ ಸರಿಯಾಗಿ ನೋಡಿರಲಿಲ್ಲ. ಬೆಳಕು ಇರುವಾಗಲೇ ತೊಳೆದ ಹತ್ತರಲ್ಲಿ ಮೂರನ್ನು ತೆಗೆದುಕೊಂಡೆ. ಬೀಳಗಿಯ "ಬಹುಶಃ ಮರಿ"ಗಳ ಡಬ್ಬಿ ತೆರೆದೆ. ಪಕ್ಕದಲ್ಲಿಟ್ಟರೆ ಗುರುತು ಸಿಗದಷ್ಟು ಒಂದೇ ಥರ. ಅವು ಮರಿಗಳೂ ಆಗಿರಲಿಲ್ಲ. ಅಂಚಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಅವನ್ನು ಮತ್ತೆ ತೆಗೆದು ನೋಡದೆ ಮರಿಯಾಗಿಯೇ ಬಿಟ್ಟಿದ್ದೆ. ಆಮೇಲೆ ದೀಪಕ್ಕೆ ಬಂದಿದ್ದ ರೆಕ್ಕೆಯ ಗಂಡುಗಳನ್ನು ತೆಗೆದೆ. ಕಾಲಿನ ಮುಳ್ಳು ಎಣಿಸಿದೆ. ಗುರಾಣಿಯ ರೋಮಗಳ ಸಾಲು ನೋಡಿದೆ. ಮುಳ್ಳು ಹೊಂದಿದವು, ರೋಮ ಹೊಂದಿದವು, ಕಂದು ಬಣ್ಣವೂ ಹೊಂದಿತು. ಹಳೆಯ ಪುಸ್ತಕದಿಂದ ಕೈಯಾರೆ ನಕಲು ಮಾಡಿಕೊಂಡಿದ್ದ ಆ ಜಾತಿಯ ವರ್ಣನೆಯನ್ನು ಹುಡುಕಿದೆ. ಗಂಡು: ಒಂದೂವರೆ ಪುಟ. ಹೆಣ್ಣು: ತಿಳಿದಿಲ್ಲ.

ನೋಟುಬುಕ್ಕಿನ ಕೊನೆಯ ಪುಟಕ್ಕೆ ಹೋಗಿ "ಸ್ಥಳೀಯ ನಂಬಿಕೆ" ಎಂಬುದನ್ನು ಹೊಡೆದುಹಾಕಿದೆ. ಶಾಯಿಯಲ್ಲಿ ಬರೆದದ್ದನ್ನು ಹೊಡೆದದ್ದು ಅದೇ ಮೊದಲು. "ಮಾಹಿತಿ" ಎಂದು ಬರೆದೆ. ಹೊಂದುತ್ತದೆ ಎಂದರೆ ಸಾಬೀತಾಯಿತು ಎಂದಲ್ಲ. ಒಂದೇ ಹಟ್ಟಿಯ ಮರಿಗಳನ್ನು ತಂದು ಸಾಕಿ, ಅವುಗಳಲ್ಲಿ ಕೆಲವಕ್ಕೆ ರೆಕ್ಕೆ ಬಂದು ಕೆಲವಕ್ಕೆ ಬಾರದಿರುವುದನ್ನು ಕಣ್ಣಾರೆ ನೋಡಬೇಕು. ಹೊಸ ಜಾತಿಯಷ್ಟು ದೊಡ್ಡ ಮಾತಲ್ಲ ಇದು. ಸರ್ ಇದಕ್ಕೆ ಎರಡು ವರ್ಷ ಬರೆದುಕೊಡುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ಅವರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆದೆ, ನಾಲ್ಕೇ ಸಾಲು. ಕಾರಣದಲ್ಲಿ ಆಯಿಯ ಹೆಬ್ಬೆರಳನ್ನೂ ನಮೂದಿಸಿದೆ.

ಅಪ್ಪ ರೇಡಿಯೋದ ಕೆಳಗಿನ ಪತ್ರ ಹೊರಗೆ ತೆಗೆದರು. "ಇವರಿಗೆ ಏನ ಬರೀಲಿ?"

"ಬರಂಗಿಲ್ಲ ಅಂತ ಬರೀರಿ."

"ಸರ್ ಏನಂತಾರ ನೋಡಿ ಬರದರ ಆಗೂದಿಲ್ಲಾ? ಇನ್ನೂ ಒಂಬತ್ತ ದಿನಾ ಐತಿ."

"ಅವರ ಏನ ಅಂದರೂ ನಾ ಮರಿ ಸಾಕೂದ ಐತ್ರಿ ಅಪ್ಪ. ಅವಕ್ಕ ಒಂದ ವರ್ಷರೆ ಬೇಕು."

ಅಪ್ಪ ಆಗ ನಕ್ಕರು. ಕಡತ ಪೂರ್ತಿಯಾಗಿತ್ತು.

ಮರುದಿನ ಬೆಳಿಗ್ಗೆ ಅಂಚೆ ಕಚೇರಿಯ ಬಾಗಿಲು ತೆರೆಯುವ ಮುಂಚೆಯೇ ಹೋಗಿ ಮೆಟ್ಟಿಲ ಮೇಲೆ ನಿಂತೆ. ಪೋಸ್ಟ್ ಮಾಸ್ತರರು ಬೀಗ ತೆಗೆಯುತ್ತ ನನ್ನನ್ನೂ ನನ್ನ ಕೈಯಲ್ಲಿದ್ದ ಸಾಣಿಗೆಯನ್ನೂ ನೋಡಿದರು. ನಾನು ರಸೀದಿ ಕೊಟ್ಟು, ನಿನ್ನೆಯ ಕವರು ಮರಳಿ ಬೇಕು ಎಂದೆ.

"ಚೀಲ ಇನ್ನೂ ಹೋಗಿಲ್ಲ. ಅರ್ಜಿ ಬರದ ಕೊಟ್ಟರ ಕೊಡಾಕ ಬರತೈತಿ." ಕನ್ನಡಕದ ಮೇಲಿನಿಂದ ನೋಡಿದರು. "ತಂಗಿ, ಪತ್ರ ವಾಪಸ್ ಕೇಳಾಕ ಹೆಣ್ಣಮಕ್ಕಳು ಬಂದದ್ದು ನಾ ಭಾಳ ನೋಡೇನಿ. ಎಂಟ ದಿನಾ ವಿಚಾರ ಮಾಡಿದ್ದರ ಛಲೋ ಇತ್ತು ಅಂತ ಆಮ್ಯಾಲೆ ಅಂತಾರ."

"ಅಂಥಾದ್ದಲ್ರಿ ಇದು."

"ಕಾರಣ ಕಾಲಂನಾಗ ಏನ ಬರೀಲಿ ಮತ್ತ?"

"ಜಿರಳೆ ಅಂತ ಬರೀರಿ."

ಅವರು ಪೆನ್ನು ಎತ್ತಿದರು. "ಕವರಿನಾಗ ಐತೇನ್ರಿ?"

"ಇಲ್ರಿ. ಬರೇ ಬರವಣಗಿ."

"ಸತ್ತದ್ದೋ, ಜೀವಂತದ್ದೋ?" ಎಂದು ಮತ್ತೆ ಖಾತ್ರಿ ಮಾಡಿಕೊಂಡರು. ಕೊನೆಗೆ "ಸ್ವಂತ ಕಾರಣ" ಎಂದು ತಾವೇ ಬರೆದುಕೊಂಡು ಕವರು ಕೈಗಿಟ್ಟರು. ಸರ್ ಅವರಿಗೆ ಬರೆದ ಇನ್‌ಲ್ಯಾಂಡ್ ಪತ್ರವನ್ನು ಡಬ್ಬಿಗೆ ಹಾಕಿ ನಾನು ಬಸ್ ಸ್ಟ್ಯಾಂಡಿಗೆ ಹೋದೆ.

ಬಸ್ಸು ಮುಧೋಳದಲ್ಲಿ ಹತ್ತು ನಿಮಿಷ ನಿಂತಿತು. ಕಿಟಕಿಯಿಂದ ಸಾಲಿಗೆ ಹೊರಟ ಹುಡುಗಿಯರು ಕಂಡರು, ಇಬ್ಬಿಬ್ಬರು, ಮೂವರು, ರಿಬ್ಬನ್ನು ಕಟ್ಟಿಕೊಂಡವರು. ನಾನು ಇಳಿಯಲಿಲ್ಲ. ಲೋಕಾಪುರದವರೆಗೆ ಕವರನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಅದರ ಮೇಲೆ ಸಾಣಿಗೆ ಇತ್ತು.

ಹಟ್ಟಿಯ ಬಾಯಿಗೆ ಮುದುಕಿ ಅದೇ ಜಾಗದಲ್ಲಿ ಕಾಲು ಚಾಚಿ ಕುಳಿತಿದ್ದಳು.

"ಅವು ಸಾಲಲಿಲ್ಲ?" ಎಂದಳು.

"ಈ ಸಲ ಮರಿ ಬೇಕಬೇ. ಗಂಡು, ಹೆಣ್ಣು ಎರಡೂ ಆಗೂವಂಥವು."

"ನಾ ಆವತ್ತ ಹೇಳಿದ್ದಿಲ್ಲಾ?"

"ಹೇಳಿದ್ದಿ. ಬರಕೊಂಡಿದ್ನಿ" ಎಂದೆ. ಎಲ್ಲಿ ಬರೆದು ಇಟ್ಟಿದ್ದೆ ಎಂದು ಹೇಳಲಿಲ್ಲ.

ಅವಳು ಎದ್ದು ಬೇವಿನ ಬುಡಕ್ಕೆ ಹೋಗಿ ಚಿಟಿಕೆ ಭಂಡಾರ ತಂದು ನನ್ನ ಹಣೆಗೆ ಒತ್ತಿ, ಉಳಿದದ್ದನ್ನು ಅಂಗೈಗೆ ಒರೆಸಿದಳು. ನಾನು ಕೈ ಮುಗಿದೆ. ಆಮೇಲೆ ಅವಳ ಕೊಡದಿಂದ ಒಂದು ತಂಬಿಗೆ ನೀರು ಕೇಳಿ ತಗೊಂಡು, ಎರಡೂ ಕೈಗಳನ್ನು ಮೊಣಕೈವರೆಗೆ ತೊಳೆದು, ಬಿಸಿಲಿಗೆ ಹಿಡಿದು ಒಣಗಿಸಿ, ಬೇವಿನ ಗಿಡದಿಂದ ಎಲ್ಲಕ್ಕಿಂತ ದೂರದ ಮೂಲೆಗೆ ಹೋಗಿ ಸಾಣಿಗೆ ಹಿಡಿದೆ.